ತಲೆಕಟ್ಟು ಕಳೆದ ಹಸಿರು: ಅಗ್ಗದ ಲೇಸರ್ ಮಾಡ್ಯೂಲ್ ಒಂದರ ಪರೀಕ್ಷೆ

ಪಿಂಪ್ರಿ-ಚಿಂಚವಡದ ಒಂದು ಕನ್ನಡ ಬಳಗಕ್ಕೆ ನವೆಂಬರ್ 1ರ ರಾಜ್ಯೋತ್ಸವದ ಹೊತ್ತಿಗೆ ಸಭಾಂಗಣದ ಹಿಂಗೋಡೆಯ ಮೇಲೆ ಬೆಳಕಿನ ಗೆರೆಯಲ್ಲೇ ‘ಕನ್ನಡ’ ಎಂದು ಬರೆಯುವ ಪ್ರೊಜೆಕ್ಟರ್ ಬೇಕಿತ್ತು. ಕಿರಣವನ್ನು ಅಡ್ಡಕ್ಕೂ ಉದ್ದಕ್ಕೂ ತಿರುಗಿಸುವ ಎರಡು ಗ್ಯಾಲ್ವೋ ಕನ್ನಡಿಗಳ 20 ಕೆಪಿಪಿಎಸ್ ಜೋಡಿ, ಅಂದರೆ ಸೆಕೆಂಡಿಗೆ 20,000 ಬಿಂದು ಬರೆಯಬಲ್ಲ ಜೋಡಿ, ಆಗಲೇ ಕೈಯಲ್ಲಿತ್ತು. ಐಎಲ್‌ಡಿಎ ಎಂಬ ಲೇಸರ್ ಪ್ರದರ್ಶನದ ಮಾನಕ ಕೇಬಲ್ಲಿಗೆ, ಕಂಪ್ಯೂಟರಿನ ಅಂಕಿಗಳನ್ನು ವೋಲ್ಟೇಜ್ ಆಗಿಸಿ ಸಿಗ್ನಲ್ ಕೊಡುವ ಡ್ಯಾಕ್ ಕೂಡ ಇತ್ತು. ಉಳಿದದ್ದು ಹಸಿರು ಲೇಸರ್ ಮಾತ್ರ. ಬಜೆಟ್ಟಿಗೆ ಹೊಂದುವಂತೆ ಕಂಡದ್ದು ‘532 ನ್ಯಾನೋಮೀಟರ್, 100 ಮಿಲಿವ್ಯಾಟ್, 12 ವೋಲ್ಟ್, ಟಿಟಿಎಲ್’ ಎಂದು ಚೀಟಿ ಅಂಟಿಸಿದ, ಫ್ಯಾನ್ ಜೋಡಿಸಿದ ಅಲ್ಯೂಮಿನಿಯಂ ದಿಮ್ಮಿ. ಟಿಟಿಎಲ್ ಎಂದರೆ ಲೇಸರನ್ನು ಹೊತ್ತಿಸಿ ಆರಿಸುವ ಸಿಗ್ನಲ್. ಅದನ್ನು ಪೆಟ್ಟಿಗೆಯೊಳಗೆ ಕೂರಿಸುವ ಮೊದಲು ಮೇಜಿನ ಮೇಲೆ ಏನೇನು ಪರೀಕ್ಷಿಸಲಾಯಿತು, ಎಲ್ಲಿ ಸೋತಿತು, ಏಕೆ ಸೋತಿತು ಎಂಬುದರ ಪೂರ್ಣ ದಾಖಲೆ ಇದು.

ಚೀಟಿಯ ಮೇಲಿನ ಮಿಲಿವ್ಯಾಟ್ ಅಂಕಿಯನ್ನು ನೋಡಿ ಮಾಡ್ಯೂಲ್ ಕೊಳ್ಳುವವರೇ ಹೆಚ್ಚು. ಗೋಡೆಯ ಮೇಲೆ ಒಂದು ಚುಕ್ಕಿ ಬೀಳಿಸಲು ಅಷ್ಟು ಸಾಕು. ಅಕ್ಷರ ಬರೆಯಬೇಕಾದರೆ ಲೇಸರ್ ಎಷ್ಟು ಬೇಗ ಹೊತ್ತಿಕೊಳ್ಳುತ್ತದೆ, ಪ್ರತಿ ಸಲವೂ ಅಷ್ಟೇ ಬೇಗ ಹೊತ್ತಿಕೊಳ್ಳುತ್ತದೆಯೇ ಎಂಬುದೇ ಮುಖ್ಯ. ಈ ಪ್ರಕರಣ ತೀರ್ಮಾನವಾದದ್ದೂ ಅಲ್ಲೇ.

ಹಸಿರು ಎಲ್ಲಿಂದ ಬರುತ್ತದೆ

532 ನ್ಯಾನೋಮೀಟರಿನ ಅಗ್ಗದ ಮಾಡ್ಯೂಲಿನಲ್ಲಿ ಹಸಿರು ಡಯೋಡ್ ಇರುವುದಿಲ್ಲ. ಒಳಗಿರುವುದು 808 ನ್ಯಾನೋಮೀಟರಿನ ಅವಕೆಂಪು ಡಯೋಡ್. ಅದು ನಿಯೋಡಿಮಿಯಂ ಬೆರೆಸಿದ ವ್ಯಾನಡೇಟ್ ಹರಳನ್ನು ಪಂಪ್ ಮಾಡುತ್ತದೆ. ಹರಳು 1064ರ ಅವಕೆಂಪನ್ನು ಹೊಮ್ಮಿಸುತ್ತದೆ. ಪಕ್ಕದ ಕೆಟಿಪಿ ಹರಳು ಅದರ ತರಂಗಾಂತರವನ್ನು ಅರ್ಧಕ್ಕಿಳಿಸಿ 532ರ ಹಸಿರು ಮಾಡುತ್ತದೆ. ಈ ಬಗೆಗೆ ಡಿಪಿಎಸ್‌ಎಸ್ ಎಂಬ ಹೆಸರಿದೆ. ಮೂರು ಹಂತದ ಈ ಅಡುಗೆಯಲ್ಲಿ ಬೇಯದೆ ಉಳಿದ 808 ಮತ್ತು 1064 ಹಸಿರಿನ ಜೊತೆಗೇ ಹೊರಬರುತ್ತವೆ. ಒಳ್ಳೆಯ ಮಾಡ್ಯೂಲಿನಲ್ಲಿ ಕೊನೆಗೊಂದು ಅವಕೆಂಪು ತಡೆಯುವ ಗಾಜು ಇರುತ್ತದೆ. ಬೆಲೆ ಇಳಿಸಬೇಕೆಂದಾಗ ಮೊದಲು ಮಾಯವಾಗುವುದು ಆ ಗಾಜೇ. ಅಮೆರಿಕದ ನಿಸ್ಟ್ ಪ್ರಯೋಗಾಲಯ 2010ರಲ್ಲಿ ಒಂದು ಅಗ್ಗದ ಹಸಿರು ಪಾಯಿಂಟರನ್ನು ಅಳೆದಾಗ ಹಸಿರು ಮಂಕಾಗಿದ್ದರೂ ಕಣ್ಣಿಗೆ ಕಾಣದ ಅವಕೆಂಪು 20 ಮಿಲಿವ್ಯಾಟಿನ ಹತ್ತಿರ ಹೊರಬರುತ್ತಿತ್ತು. ಮಂಕು ಹಸಿರು ಕಂಡಾಗ ಕಣ್ಣು ಮುಚ್ಚಿಕೊಳ್ಳುವುದಿಲ್ಲ, ಅಪಾಯ ಇರುವುದೇ ಅಲ್ಲಿ.

ಹಾಗಾಗಿ ಕನ್ನಡಕದ ಮಾತು ಮೊದಲು. ಹಸಿರನ್ನು ಮಾತ್ರ ತಡೆಯುವ ಕೆಂಪು ಪ್ಲಾಸ್ಟಿಕ್ ಕನ್ನಡಕ ಇಲ್ಲಿ ಸಾಲದು. 532, 808, 1064 ಈ ಮೂರಕ್ಕೂ ಓಡಿ 4 ಅಥವಾ ಹೆಚ್ಚು ಎಂದು ಚೌಕಟ್ಟಿನ ಮೇಲೇ ಮುದ್ರಿಸಿರಬೇಕು. ಓಡಿ 4 ಎಂದರೆ ಹತ್ತು ಸಾವಿರದಲ್ಲಿ ಒಂದು ಪಾಲು ಮಾತ್ರ ಒಳಗೆ. 100 ಮಿಲಿವ್ಯಾಟ್ ಹೋಗಿ 0.01 ಉಳಿಯುತ್ತದೆ. ಅಂಕಿ ಮುದ್ರಿಸದ ಕನ್ನಡಕವನ್ನು ಬಣ್ಣ ನೋಡಿ ನಂಬಬಾರದು.

ಕರೆಂಟ್ ಕೊಡುವ ಮೊದಲು

ಮಲ್ಟಿಮೀಟರಿನಲ್ಲಿ ಎರಡು ನಿಮಿಷದ ಕೆಲಸ. ಮಾಡ್ಯೂಲಿನ ಲೋಹದ ಮೈಗೂ ಡಯೋಡಿನ ಕೆಂಪು ತಂತಿಗೂ ಕಂಟಿನ್ಯುಯಿಟಿ ನೋಡಿದಾಗ ಬೀಪ್ ಬಂತು. ಅಂದರೆ ಮೈಯೇ ಪಾಸಿಟಿವ್. ಇದನ್ನು ಅಲ್ಯೂಮಿನಿಯಂ ತಳಹಲಗೆಗೆ ನೇರ ಬಿಗಿದು, ಹಲಗೆಯನ್ನು ಅರ್ತ್‌ಗೆ ಜೋಡಿಸಿ, ಪವರ್ ಸಪ್ಲೈಯ ನೆಗೆಟಿವ್ ಕೂಡ ಅರ್ತ್ ಆಗಿದ್ದರೆ ಡ್ರೈವರ್, ಅಂದರೆ ಡಯೋಡಿಗೆ ಕರೆಂಟ್ ಕೊಡುವ ಬೋರ್ಡ್, ಹಾಳಾಗಬಹುದು. ಅರ್ಧ ಮಿಲಿಮೀಟರ್ ದಪ್ಪದ ಸಿಲಿಕೋನ್ ಥರ್ಮಲ್ ಪ್ಯಾಡ್ ಮತ್ತು ನೈಲಾನಿನ ಎಂ3 ಸ್ಕ್ರೂಗಳಿಂದ ಮೈಯನ್ನು ಹಲಗೆಯಿಂದ ಬೇರ್ಪಡಿಸಲಾಯಿತು. ಹಲಗೆ 10 ಮಿಲಿಮೀಟರ್ ದಪ್ಪದ್ದು. ಭೋಸರಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಇಂಥ ತುಂಡನ್ನು ಮಿಲ್ಲಿಂಗ್ ಮಾಡಿ ಕೊಡುವ ಸಣ್ಣ ವರ್ಕ್‌ಶಾಪುಗಳಿಗೆ ಕೊರತೆಯಿಲ್ಲ.

ಎರಡನೆಯದು ಟಿಟಿಎಲ್ ತಂತಿ. ಅದನ್ನು ಯಾವುದಕ್ಕೂ ಜೋಡಿಸದೆ ಬಿಟ್ಟು ಕರೆಂಟ್ ಕೊಟ್ಟಾಗ ಲೇಸರ್ ಪೂರ್ತಿ ಹೊತ್ತಿಕೊಂಡಿತು. ಬೋರ್ಡಿನಲ್ಲಿ 10 ಕಿಲೋಓಮಿನ ರೆಸಿಸ್ಟರ್ ಆ ತಂತಿಯನ್ನು 5 ವೋಲ್ಟಿಗೆ ಎಳೆದು ಕಟ್ಟಿತ್ತು. ಕಾರ್ಯಕ್ರಮದ ನಡುವೆ ಕೇಬಲ್ ಕಳಚಿದರೆ ಕಿರಣ ಆರುವ ಬದಲು ಹೊತ್ತಿಯೇ ನಿಲ್ಲುತ್ತದೆ. ಟಿಟಿಎಲ್ ಮತ್ತು ಗ್ರೌಂಡ್ ನಡುವೆ 1 ಕಿಲೋಓಮ್ ಬೆಸೆದಾಗ ತೆರೆದ ತಂತಿಯ ವೋಲ್ಟೇಜ್ 0.45ಕ್ಕೆ ಇಳಿದು ಲೇಸರ್ ಆರಿತು. ಒಂದು ರೂಪಾಯಿಯ ರೆಸಿಸ್ಟರ್, ಆದರೆ ಇದಿಲ್ಲದೆ ಮುಂದಿನ ಯಾವ ಹೆಜ್ಜೆಯನ್ನೂ ಇಡಬಾರದು.

ಮಿಲಿವ್ಯಾಟ್ ಎಷ್ಟು ನಿಜ

ಲೇಸರ್ ಪವರ್ ಮೀಟರಿನ ಬೆಲೆ ಮಾಡ್ಯೂಲಿನ ಹಲವು ಪಟ್ಟು. ಅದರ ಬದಲು ಶಾಖದ ಸರಿದೂಗಿಕೆಯ ವಿಧಾನ ಬಳಸಲಾಯಿತು. ಇದಕ್ಕೆ ಬೇರೆ ಮೀಟರಿನಿಂದ ಕ್ಯಾಲಿಬ್ರೇಶನ್ ಬೇಡ. 12 ಮಿಲಿಮೀಟರ್ ಚೌಕದ, ಅರ್ಧ ಮಿಲಿಮೀಟರ್ ದಪ್ಪದ ತಾಮ್ರದ ತಗಡು. ಹಿಂಬದಿಗೆ 100 ಓಮಿನ ಒಂದು ರೆಸಿಸ್ಟರ್, ಪಕ್ಕದಲ್ಲಿ 10 ಕಿಲೋಓಮಿನ ಎನ್‌ಟಿಸಿ ಥರ್ಮಿಸ್ಟರ್ (ಬಿಸಿಯಾದಂತೆ ಓಮ್ ಇಳಿಯುವ ಬಿಡಿಭಾಗ), ಎರಡನ್ನೂ ಎಪಾಕ್ಸಿಯಿಂದ ಅಂಟಿಸುವುದು. ಮುಂಬದಿಗೆ ದೀಪದ ಮಸಿ ಹಿಡಿಸುವುದು. ಕೂದಲೆಳೆಯಷ್ಟು ತೆಳುವಾದ ಎನಾಮಲ್ ತಂತಿಗಳಿಂದಲೇ ಅದನ್ನು ಥರ್ಮಾಕೋಲ್ ಲೋಟದೊಳಗೆ ತೂಗುಬಿಡುವುದು. ಫ್ಯಾನಿನ ಗಾಳಿ ತಗುಲಿದರೆ ಓದು ಕೆಡುತ್ತದೆ.

ಕಿರಣವನ್ನು ಮಸಿಯ ಮೇಲೆ ನಾಲ್ಕು ನಿಮಿಷ ಬಿಟ್ಟು ಥರ್ಮಿಸ್ಟರಿನ ಓಮ್ ನಿಂತ ಜಾಗವನ್ನು ಬರೆದುಕೊಳ್ಳಬೇಕು. ಆಮೇಲೆ ಲೇಸರ್ ಆರಿಸಿ, 100 ಓಮಿನ ರೆಸಿಸ್ಟರಿಗೆ ವೋಲ್ಟೇಜ್ ಏರಿಸುತ್ತ ಥರ್ಮಿಸ್ಟರನ್ನು ಅದೇ ಓಮಿಗೆ ತಂದು ನಿಲ್ಲಿಸಬೇಕು. ಈ ಮಾಡ್ಯೂಲಿಗೆ ಬೇಕಾದದ್ದು 3.35 ವೋಲ್ಟ್. ವೋಲ್ಟೇಜಿನ ವರ್ಗವನ್ನು 100ರಿಂದ ಭಾಗಿಸಿದರೆ 0.112 ವ್ಯಾಟ್, ಅಂದರೆ 112 ಮಿಲಿವ್ಯಾಟ್. ಮಸಿ ಬೆಳಕನ್ನೆಲ್ಲ ನುಂಗುವುದಿಲ್ಲವಾದ್ದರಿಂದ ನಿಜ ಬೆಲೆ ಇದಕ್ಕಿಂತ ತುಸು ಹೆಚ್ಚೇ. ಚೀಟಿಯ ಮಾತು ಸುಳ್ಳಲ್ಲ ಎಂದು ಇಲ್ಲಿಗೇ ನಿಲ್ಲಿಸಿದ್ದರೆ ದೊಡ್ಡ ತಪ್ಪಾಗುತ್ತಿತ್ತು. ಮಸಿಗೆ ಬಣ್ಣ ಗೊತ್ತಿಲ್ಲ. ಅವಕೆಂಪನ್ನೂ ಹಸಿರಿನೊಂದಿಗೇ ಲೆಕ್ಕಕ್ಕೆ ಹಿಡಿಯುತ್ತದೆ.

ಕೆಟ್ಟ ವೆಬ್‌ಕ್ಯಾಮಿನ ಲೆನ್ಸಿನ ಹಿಂದೆ ತಿಳಿಗೆಂಪು ಹೊಳಪಿನ ಪುಟ್ಟ ಗಾಜೊಂದು ಇರುತ್ತದೆ, ಅದೇ ಅವಕೆಂಪು ತಡೆಯುವ ಫಿಲ್ಟರ್. ಬುಧವಾರ ಮತ್ತು ಭಾನುವಾರ ಕೂಡುವ ಪುಣೆಯ ಜುನಾ ಬಾಜಾರಿನಲ್ಲಿ ಇಂಥ ಕ್ಯಾಮೆರಾ ಗುಜರಿ ಬೆಲೆಗೆ ಸಿಗುತ್ತದೆ. ಅದನ್ನು ಕಿರಣಕ್ಕೆ ಅಡ್ಡವಾಗಿ ಐದು ಡಿಗ್ರಿ ಓರೆ ಹಿಡಿಯಬೇಕು. ನೆಟ್ಟಗೆ ಹಿಡಿದರೆ ತಿರುಗಿದ ಅವಕೆಂಪು ಮಾಡ್ಯೂಲಿನೊಳಕ್ಕೇ ಹೋಗುತ್ತದೆ. ಗಾಜಿನೊಂದಿಗೆ ಸರಿದೂಗಿದ ವೋಲ್ಟೇಜ್ 2.72, ಅಂದರೆ 74 ಮಿಲಿವ್ಯಾಟ್. ಇದೇ ಗಾಜು ಅವಕೆಂಪಿಲ್ಲದ 520 ನ್ಯಾನೋಮೀಟರ್ ಡಯೋಡಿನ ಬೆಳಕಲ್ಲಿ ನೂರಕ್ಕೆ 92 ಪಾಲು ಬಿಟ್ಟು 8 ಪಾಲು ತಡೆಯುತ್ತಿತ್ತು. ಆ ಲೆಕ್ಕ ಕಳೆದರೆ ನಿಜವಾದ ಹಸಿರು 80 ಮಿಲಿವ್ಯಾಟ್, ಉಳಿದ 32 ಅವಕೆಂಪು.

ಎರಡು ಅವಕೆಂಪಿನಲ್ಲಿ ಯಾವುದು ಎಷ್ಟೆಂದು ತಿಳಿಯಲು ಹಳೆಯ ಸಿ.ಡಿ. ಸಾಕು. ಅದರ ಗೀರುಗಳ ಅಂತರ 1.6 ಮೈಕ್ರಾನ್. ಮಾಡ್ಯೂಲಿನ ಮುಂದೆ ತೂತು ಕೊರೆದ ರಟ್ಟು, ಅದರಾಚೆ 20 ಸೆಂಟಿಮೀಟರಿನಲ್ಲಿ ಸಿ.ಡಿ.; ತೂತಿನಿಂದ ಹೋದ ಕಿರಣ ಸಿ.ಡಿ.ಗೆ ಬಡಿದು ರಟ್ಟಿನ ಮೇಲೆ ಸಾಲು ಚುಕ್ಕಿಗಳಾಗಿ ಬೀಳುತ್ತದೆ. 532ರದ್ದು 19.4 ಡಿಗ್ರಿಯಲ್ಲಿ, ತೂತಿನಿಂದ 7 ಸೆಂಟಿಮೀಟರ್ ದೂರ. 808ರದ್ದು 30.3 ಡಿಗ್ರಿಯಲ್ಲಿ, 11.7 ಸೆಂಟಿಮೀಟರ್. 1064ರದ್ದು 41.7 ಡಿಗ್ರಿಯಲ್ಲಿ, 17.8 ಸೆಂಟಿಮೀಟರ್. ಅವಕೆಂಪಿನ ಚುಕ್ಕಿಗಳನ್ನು ಆ ಫಿಲ್ಟರ್ ಕಿತ್ತ ವೆಬ್‌ಕ್ಯಾಮ್ ತೋರಿಸುತ್ತದೆ. ಇಲ್ಲಿ ಎರಡು ಕಡೆ ಎಡವುವವರಿದ್ದಾರೆ. ಒಂದು, ಸಿ.ಡಿ. ಬದಲು ಡಿವಿಡಿ ಇಡುವುದು. ಅದರ ಗೀರು 0.74 ಮೈಕ್ರಾನ್, 808 ಮತ್ತು 1064 ಎರಡಕ್ಕೂ ಅಲ್ಲಿ ಚುಕ್ಕಿಯೇ ಹುಟ್ಟುವುದಿಲ್ಲ, ಅವಕೆಂಪು ಇಲ್ಲವೆಂಬ ಸುಳ್ಳು ಸಮಾಧಾನವಾಗುತ್ತದೆ. ಇನ್ನೊಂದು, 532ರ ಎರಡನೇ ಸಾಲಿನ ಚುಕ್ಕಿ ಬೀಳುವುದೂ 17.8 ಸೆಂಟಿಮೀಟರಿಗೇ, 1064ರ ಮೇಲೆಯೇ. ಡೆವಲಪ್ ಆದ ಹಳೆಯ ಕಲರ್ ಫಿಲ್ಮ್ ರೋಲಿನ ಕಪ್ಪು ತುದಿಯನ್ನು ಕ್ಯಾಮೆರಾದ ಮುಂದೆ ಹಿಡಿದರೆ ಹಸಿರು ನಿಂತುಹೋಗಿ ಅವಕೆಂಪು ಮಾತ್ರ ದಾಟುತ್ತದೆ. ಆಗಲೂ ಉಳಿದರೆ ಅದು 1064. ಈ ಮಾಡ್ಯೂಲಿನಲ್ಲಿ 1064ರದ್ದು ಮಸುಕಾಗಿ, 808ರದ್ದು ದಟ್ಟವಾಗಿ ಕಂಡಿತು. ಸಿಲಿಕಾನ್ ಕ್ಯಾಮೆರಾ 1064ಕ್ಕೆ ಅರೆಗುರುಡು, ಆದ್ದರಿಂದ ಹೊಳಪು ನೋಡಿ ಮಿಲಿವ್ಯಾಟ್ ಹೇಳಲಾಗದು. ಇದೆಯೋ ಇಲ್ಲವೋ ಎಂಬುದಷ್ಟೇ ಇದರ ಉತ್ತರ.

808 ಇಷ್ಟು ಸೋರುವುದರ ಹಿಂದೆ ತಾಪಮಾನದ ಕಥೆಯಿದೆ. ಪಂಪ್ ಡಯೋಡಿನ ತರಂಗಾಂತರ ಡಿಗ್ರಿಗೆ ಸುಮಾರು 0.3 ನ್ಯಾನೋಮೀಟರಿನಂತೆ ಸರಿಯುತ್ತದೆ. ಹರಳು ಚೆನ್ನಾಗಿ ಹೀರುವುದು 808ರ ಆಸುಪಾಸಿನಲ್ಲಿ. ತಳಹಲಗೆಯನ್ನು ತಂಪು ಮಾಡಿ 27ರಿಂದ 18 ಡಿಗ್ರಿಗೆ ಇಳಿಸಿದಾಗ ಡಯೋಡ್ ಮೂರು ನ್ಯಾನೋಮೀಟರಿನ ಹತ್ತಿರ ಜಾರಿತು, ಹಸಿರು ಮೂರರಲ್ಲೊಂದು ಪಾಲು ಕುಗ್ಗಿತು, ರಟ್ಟಿನ ಮೇಲಿನ 808ರ ಚುಕ್ಕಿ ಕಣ್ಣಿಗೆ ಹೊಡೆಯುವಂತೆ ಬೆಳೆಯಿತು. 38 ಡಿಗ್ರಿಗೆ ಏರಿಸಿದಾಗಲೂ ಹಸಿರು ಇಳಿಯಿತು. ಪುಣೆಯ ಮೇ ತಿಂಗಳ ಮಧ್ಯಾಹ್ನಕ್ಕೂ ನವೆಂಬರಿನ ರಾತ್ರಿಗೂ ಇರುವ ಅಂತರ ಇದಕ್ಕಿಂತ ದೊಡ್ಡದು. ತಂಪು ಮಾಡುವಾಗ ಮಳೆಗಾಲದ ಗಾಳಿಯಿಂದ ಹರಳಿನ ಮೇಲೆ ಇಬ್ಬನಿ ಕೂರದಂತೆ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿಡಬೇಕು.

ಕಿರಣದ ಹರವು ಚೆನ್ನಾಗಿತ್ತು. ಒಂದು ಮೀಟರಿನಲ್ಲಿ 2 ಮಿಲಿಮೀಟರ್, 11 ಮೀಟರಿನಲ್ಲಿ 17, ಅಂದರೆ 1.5 ಮಿಲಿರೇಡಿಯನ್. 9 ಮೀಟರ್ ದೂರದ ಗೋಡೆಯಲ್ಲಿ ಗೆರೆ 14 ಮಿಲಿಮೀಟರ್ ದಪ್ಪ. ಎರಡಡಿ ಎತ್ತರದ ಅಕ್ಷರಕ್ಕೆ ಒಪ್ಪುವ ದಪ್ಪ.

ಅಕ್ಷರ ಬರೆಯಲು ಹೊರಟಾಗ

ಗ್ಯಾಲ್ವೋಗೆ ಕನ್ನಡ ಲಿಪಿ ಒಂದು ರೀತಿಯಲ್ಲಿ ವರ. ಮೊನಚು ಮೂಲೆ ಬಂದಲ್ಲೆಲ್ಲ ಕನ್ನಡಿ ನಿಂತು ತಿರುಗಬೇಕು, ಅದಕ್ಕೆ ಹೆಚ್ಚುವರಿ ಬಿಂದು ತಿನ್ನಿಸಬೇಕು. ದುಂಡನೆಯ ಸುತ್ತಿನಲ್ಲಿ ಆ ಖರ್ಚಿಲ್ಲ. ತೊಂದರೆ ಬರುವುದು ಬಿಡಿ ಭಾಗಗಳಲ್ಲಿ. ಮರಾಠಿಯ ಶಿರೋರೇಖೆ ಇಡೀ ಪದಕ್ಕೆ ಒಂದೇ ಎಳೆಯಲ್ಲಿ ಮುಗಿಯುತ್ತದೆ. ನಮಗೆ ತಲೆಕಟ್ಟು ಅಕ್ಷರಕ್ಕೊಂದು, ಒತ್ತು ಬೇರೆ. ‘ಕನ್ನಡ’ ಎಂಬ ಪದ ಕಡತದಲ್ಲಿ ಎಂಟು ಎಳೆಯಾಯಿತು: ಕಕಾರಕ್ಕೆ ತಲೆಕಟ್ಟು, ಅಡ್ಡಗೆರೆ, ಸುತ್ತು, ನಕಾರಕ್ಕೆ ಎರಡು, ಒತ್ತಿಗೆ ಒಂದು, ಡಕಾರಕ್ಕೆ ಎರಡು. ಎಳೆಗಳಲ್ಲಿ 288 ಬಿಂದು, ನಡುವಿನ ಎಂಟು ಕತ್ತಲೆ ಜಿಗಿತಗಳಿಗೆ 80, ತುದಿಗಳಲ್ಲಿ ನಿಲ್ಲಲು 40. ಒಟ್ಟು 408. ಒಂದು ಬಿಂದುವಿಗೆ 50 ಮೈಕ್ರೋಸೆಕೆಂಡಿನಂತೆ ಪದ 20.4 ಮಿಲಿಸೆಕೆಂಡಿನಲ್ಲಿ ಮುಗಿದು ಸೆಕೆಂಡಿಗೆ 49 ಸಲ ಮರಳುತ್ತದೆ. ಮಿಣುಕು ಕಾಣಬಾರದು, ಕಾಣಲೂ ಇಲ್ಲ. ಆದರೆ ಗೋಡೆಯ ಮೇಲೆ ಮೂಡಿದ ಕಕಾರಕ್ಕೆ ತಲೆಕಟ್ಟಿನ ಅರ್ಧವೇ ಇರಲಿಲ್ಲ. ಡಕಾರದ ತಲೆಕಟ್ಟು ಮಾತ್ರ ಹೆಚ್ಚು ಕಡಿಮೆ ಇದ್ದಂತೆಯೇ ಇತ್ತು.

ಒಂದೇ ಲೇಸರ್, ಒಂದೇ ಉದ್ದದ ಎಳೆ, ಎರಡು ಫಲಿತಾಂಶ. ಕಾರಣ ಹುಡುಕಲು ಬಿಪಿಡಬ್ಲ್ಯು34 ಎಂಬ, ಬೆಳಕನ್ನು ಕರೆಂಟಾಗಿಸುವ ಫೋಟೋಡಯೋಡಿಗೆ 9 ವೋಲ್ಟ್ ರಿವರ್ಸ್ ಬಯಾಸ್ ಕೊಟ್ಟು, 1 ಕಿಲೋಓಮ್ ಲೋಡಿನ ಮೇಲೆ ವೋಲ್ಟೇಜಿನ ಏರಿಳಿತ ತೋರಿಸುವ ಆಸಿಲೋಸ್ಕೋಪ್ ಇಡಲಾಯಿತು. ಕಿರಣವನ್ನು ನೇರ ಬಿಡದೆ ಬಿಳಿ ಕಾಗದದಿಂದ ಚದುರಿದ ಬೆಳಕನ್ನಷ್ಟೇ ಅದಕ್ಕೆ ತೋರಿಸಬೇಕು. ಇನ್ನೊಂದು ಚಾನೆಲ್ ಪಂಪ್ ಡಯೋಡಿನ ಸರಣಿಯಲ್ಲಿ ಹಾಕಿದ 0.1 ಓಮಿನ ಮೇಲೆ, ಕರೆಂಟ್ ನೋಡಲು. ಟಿಟಿಎಲ್ ಪಲ್ಸ್ ಒಂದು ಮೈಕ್ರೋಕಂಟ್ರೋಲರ್ ಬೋರ್ಡಿನಿಂದ.

ಎರಡು ಚಾನೆಲ್ ಇಟ್ಟದ್ದರಿಂದ ದೋಷ ಎರಡು ಜಾಗದಲ್ಲಿರುವುದು ತಿಳಿಯಿತು. ಟಿಟಿಎಲ್ ಏರಿದ ಮೇಲೆ ಕರೆಂಟ್ ಪೂರ್ತಿಯಾಗಲು 120 ಮೈಕ್ರೋಸೆಕೆಂಡ್. ಇದು ಡ್ರೈವರಿನ ದೋಷ. ಡಯೋಡನ್ನು ಮೆತ್ತಗೆ ಏರಿಸಲೆಂದು ಹಾಕಿದ ಕೆಪಾಸಿಟರ್ ಮಾಡ್ಯುಲೇಶನ್‌ನ ಕಾಲು ಹಿಡಿಯುತ್ತದೆ. ಆಮೇಲೆ ಬೆಳಕು ಬರುವುದು ಇನ್ನೂ ತಡ, ಮತ್ತು ಈ ತಡ ಒಂದೇ ಸಮ ಇಲ್ಲ. ಒತ್ತಿನತ್ತ ಹೋಗುವಂಥ 250 ಮೈಕ್ರೋಸೆಕೆಂಡಿನ ಚಿಕ್ಕ ಜಿಗಿತದ ನಂತರ ಟಿಟಿಎಲ್‌ನಿಂದ ಬೆಳಕಿಗೆ ಒಟ್ಟು 140. ಡಕಾರದ ಕೊನೆಯಿಂದ ಕಕಾರದ ಮೊದಲಿಗೆ ಮರಳುವ 750ರ ಉದ್ದ ಜಿಗಿತದ ನಂತರ 420. ಬಿಂದುವಿನ ಲೆಕ್ಕದಲ್ಲಿ ಮೂರು ಮತ್ತು ಎಂಟು. ಕಕಾರದ ತಲೆಕಟ್ಟಿಗೆ ಇರುವುದೇ 14 ಬಿಂದು.

ವ್ಯಾನಡೇಟ್ ಹರಳು ಪಂಪಿನಿಂದ ಪಡೆದ ಶಕ್ತಿಯನ್ನು ಸುಮಾರು 100 ಮೈಕ್ರೋಸೆಕೆಂಡಿನ ಮಟ್ಟಿಗೆ ಹಿಡಿದಿಟ್ಟುಕೊಳ್ಳುತ್ತದೆ. ಕತ್ತಲೆ ಚಿಕ್ಕದಿದ್ದರೆ ಆ ಶಕ್ತಿ ಸ್ವಲ್ಪವಾದರೂ ಉಳಿದಿರುತ್ತದೆ, ಡ್ರೈವರಿನ ಕೆಪಾಸಿಟರ್ ಪೂರ್ತಿ ಬರಿದಾಗಿರುವುದಿಲ್ಲ, ಡಯೋಡ್ ತಣ್ಣಗಾಗಿರುವುದಿಲ್ಲ. ಉದ್ದ ಕತ್ತಲೆಯಲ್ಲಿ ಮೂರೂ ಸೊನ್ನೆಯಿಂದ ಶುರು. ಹೊತ್ತಿಕೊಂಡ ಕ್ಷಣಕ್ಕೆ ತುಂಬಿ ನಿಂತ ಶಕ್ತಿ ಒಮ್ಮೆಲೇ ಹೊರಬಂದು ಚೂಪಾದ ಹೊಳಪಾಗುವುದೂ ಸ್ಕೋಪಿನಲ್ಲಿ ಕಂಡಿತು. ಎಳೆಯ ಆರಂಭದಲ್ಲಿ ಕಾಣುವ ಬಿಳಚು ಚುಕ್ಕಿಯ ಮೂಲ ಅದು. ಒಂದೇ ಸಮನೆ ಹಾಕಿ-ಆರಿಸುವ ಪಲ್ಸಿನಲ್ಲಿ 5 ಕಿಲೋಹರ್ಟ್ಸ್‌ವರೆಗೆ ಹಸಿರು ಕುಂಟುತ್ತಾದರೂ ಬಂತು, 10ರಲ್ಲಿ ಬಹುತೇಕ ಬರಲೇ ಇಲ್ಲ.

ಸಾಫ್ಟ್‌ವೇರಿನಿಂದ ಇದನ್ನು ಸರಿಪಡಿಸಲು ಮೂರು ಸಲ ಪ್ರಯತ್ನಿಸಲಾಯಿತು. ಬಣ್ಣದ ಸಿಗ್ನಲನ್ನು ಎಂಟು ಬಿಂದು ಮೊದಲೇ ಕಳಿಸಿದಾಗ ಕಕಾರದ ತಲೆಕಟ್ಟು ಬಂತು, ಜೊತೆಗೆ ನಕಾರಕ್ಕೂ ಒತ್ತಿಗೂ ನಡುವೆ ಬೇಡದ ಹಸಿರು ದಾರವೂ ಬಂತು. ಐದು ಬಿಂದುವಿಗೆ ಇಳಿಸಿದಾಗ ಎರಡೂ ಕಡೆ ಅರೆಬರೆ. ಕೊನೆಗೆ ಪ್ರತಿ ಎಳೆಗೂ ಅದರ ಹಿಂದಿನ ಜಿಗಿತಕ್ಕೆ ತಕ್ಕಂತೆ ಬೇರೆ ಬೇರೆ ನಿಲುಗಡೆ ಬಿಂದು ಕೊಟ್ಟಾಗ ಅಕ್ಷರ ಚೆಂದಾಗಿ ನಿಂತಿತು, 27 ಡಿಗ್ರಿಯಲ್ಲಿ. ಇಪ್ಪತ್ತು ನಿಮಿಷ ಓಡಿ ತಳ ಬಿಸಿಯಾದಾಗ ತಡದ ಅಂಕಿಗಳು ಬದಲಾದವು, ಎಳೆಗಳ ತುದಿಯಲ್ಲಿ ಚುಕ್ಕಿ ಮರಳಿತು. ಕತ್ತಲೆಯಲ್ಲೂ ಪಂಪನ್ನು ಹೊತ್ತುವ ಮಟ್ಟಕ್ಕಿಂತ ತುಸು ಕೆಳಗೆ ಹಿಡಿದಿಡುವುದು ಇನ್ನೊಂದು ದಾರಿ. ಆದರೆ ಆ ಮಟ್ಟವೂ ತಾಪಮಾನದೊಂದಿಗೆ ಸರಿಯುತ್ತದೆ, ಕತ್ತಲೆ ಜಿಗಿತದಲ್ಲೂ 808 ಸೋರುತ್ತಲೇ ಇರುತ್ತದೆ. ಅದನ್ನು ಕೈಬಿಟ್ಟದ್ದು ಸರಿ.

ಬದಲಿಗೆ ಏನು

ಬರಹಕ್ಕೆ ಈ ಮಾಡ್ಯೂಲ್ ಬೇಡವೆಂದು ತೀರ್ಮಾನಿಸಿ 520 ನ್ಯಾನೋಮೀಟರಿನ ನೇರ ಹಸಿರು ಡಯೋಡ್ ತರಿಸಲಾಯಿತು. ಕಣ್ಣಿನ ಸಂವೇದನೆ 555ರಲ್ಲಿ ಗರಿಷ್ಠ. 532ರಲ್ಲಿ ಅದರ 0.88ರಷ್ಟು, 520ರಲ್ಲಿ 0.71. ಹಾಗಾಗಿ 80 ಮಿಲಿವ್ಯಾಟ್ 532ಕ್ಕೆ ಸಮನಾಗಿ ಕಾಣಲು 100 ಮಿಲಿವ್ಯಾಟ್ 520 ಬೇಕು. 120ರದ್ದನ್ನು ಆರಿಸಲಾಯಿತು. ಬೆಲೆ ಹೆಚ್ಚು, ನಿಜ. ಆದರೆ ಹರಳಿಲ್ಲ, ಅವಕೆಂಪಿಲ್ಲ, ಕರೆಂಟ್ ಏರಿದೊಡನೆ ಬೆಳಕು ಏರುತ್ತದೆ. ಸ್ಕೋಪಿನಲ್ಲಿ ತಡ 2 ಮೈಕ್ರೋಸೆಕೆಂಡ್, ಅದೂ ಡ್ರೈವರಿನದ್ದು; ಚಿಕ್ಕ ಜಿಗಿತವಾದರೂ ಉದ್ದ ಜಿಗಿತವಾದರೂ ಅಷ್ಟೇ.

ಡಯೋಡ್ ಬದಲಿಸಿದಾಗ ಬೇರೆ ಕೆಲವೂ ಬದಲಾಗಬೇಕು. ಈ ಡಯೋಡಿಗೆ 6 ವೋಲ್ಟಿನ ಆಸುಪಾಸು ಬೇಕಾದ್ದರಿಂದ 5 ವೋಲ್ಟ್ ಸಪ್ಲೈ ಸಾಲದು. 12 ಕೊಟ್ಟರೆ 250 ಮಿಲಿಆಂಪ್‌ನಲ್ಲಿ ಲೀನಿಯರ್ ಡ್ರೈವರಿನೊಳಗೆ 1.5 ವ್ಯಾಟ್ ಸುಡುತ್ತದೆ; 9 ಕೊಟ್ಟಾಗ ಅದು ಅರ್ಧ. ಡಯೋಡ್ ಜೋಡಿಸುವ ಮೊದಲು ಕರೆಂಟನ್ನು ಡಮ್ಮಿ ಲೋಡಿನ ಮೇಲೆ ಹೊಂದಿಸಿಕೊಳ್ಳಬೇಕು: ಎಂಟು 1ಎನ್4007 ಸಾಮಾನ್ಯ ಡಯೋಡ್ ಸರಣಿಯಲ್ಲಿ, ಕೊನೆಗೆ 1 ಓಮ್, ಆ ಓಮಿನ ಮೇಲಿನ ಮಿಲಿವೋಲ್ಟೇ ಮಿಲಿಆಂಪ್. ಪುಣೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳ ತಪಕೀರ ಗಲ್ಲಿಯಲ್ಲಿ ಇಷ್ಟೂ ಹತ್ತು ನಿಮಿಷದಲ್ಲಿ ಕೈಗೆ ಬರುತ್ತದೆ. ಬೆಸೆಯುವಾಗ ಡಯೋಡಿನ ಕಾಲುಗಳನ್ನು ತೆಳು ತಂತಿಯಿಂದ ಸುತ್ತಿ ಶಾರ್ಟ್ ಮಾಡಿರಬೇಕು, ಕೈಗೆ ಅರ್ತ್ ಪಟ್ಟಿ ಇರಬೇಕು; ಸ್ಥಿರವಿದ್ಯುತ್ತಿಗೆ ಸತ್ತ ಡಯೋಡ್ ಎಲ್‌ಇಡಿಯಂತೆ ಮಂಕಾಗಿ ಹೊಳೆಯುತ್ತದೆ, ಲೇಸರ್ ಆಗುವುದಿಲ್ಲ. ಕಿರಣ ದುಂಡಗಿರದೆ ಮೊಟ್ಟೆಯಾಕಾರವಿರುತ್ತದೆ, ಅದರ ಉದ್ದವನ್ನು ಮೊದಲ ಕನ್ನಡಿಯ ಉದ್ದಕ್ಕೆ ಹೊಂದಿಸಿ ತಿರುಗಿಸಿ ಬಿಗಿಯಬೇಕು.

ತಿರಸ್ಕರಿಸಿದ ಮಾಡ್ಯೂಲಿಗೆ ಅವಕೆಂಪು ಗಾಜು ಅಂಟಿಸಿ, ಅಳೆದ ಅಂಕಿಗಳ ಚೀಟಿ ಹಚ್ಚಿ ಬೀಗದ ಕಪಾಟಿನಲ್ಲಿಡಲಾಯಿತು. ಇಂಥದ್ದಕ್ಕೆ ಬ್ಯಾಟರಿ ಕಟ್ಟಿ ಮಕ್ಕಳ ಕೈಗೆ ಪಾಯಿಂಟರಾಗಿ ಕೊಡುವುದನ್ನು ಯಾರೂ ಮಾಡಬಾರದು.

ಸಭಾಂಗಣದಲ್ಲಿ

ಎರಡೂ ಲೇಸರ್ 3ಬಿ ವರ್ಗದವು, ಅಂದರೆ ನೇರ ಕಿರಣ ಕಣ್ಣಿಗೆ ಹಾನಿ ಮಾಡುವ ವರ್ಗ. 100 ಮಿಲಿವ್ಯಾಟ್, 1.5 ಮಿಲಿರೇಡಿಯನ್ ಹರವು, ಕಣ್ಣು ರೆಪ್ಪೆ ಬಡಿಯುವ ಕಾಲು ಸೆಕೆಂಡಿಗೆ ಒಪ್ಪಿದ ಮಿತಿ ಚದರ ಮೀಟರಿಗೆ 25.4 ವ್ಯಾಟ್, ಇವುಗಳಿಂದ ಲೆಕ್ಕ ಹಾಕಿದರೆ ನಿಂತ ಕಿರಣ 46 ಮೀಟರಿನವರೆಗೆ ಕಣ್ಣಿಗೆ ಅಪಾಯಕಾರಿ. ಸಭಾಂಗಣ 18 ಮೀಟರ್. ಅಂದರೆ ಒಳಗೆ ಸುರಕ್ಷಿತ ದೂರವೆಂಬುದೇ ಇಲ್ಲ. ಗಣೇಶ ವಿಸರ್ಜನೆಯ ಮೆರವಣಿಗೆಗಳಲ್ಲಿ ಲೇಸರ್ ಕಿರಣಗಳನ್ನು ಪುಣೆ ಪೊಲೀಸರು 2024ರಲ್ಲಿ ನಿಷೇಧಿಸಿದ್ದು ಕಣ್ಣಿನ ಹಾನಿಯ ದೂರುಗಳ ನಂತರವೇ.

ಪ್ರೊಜೆಕ್ಟರ್ ಬಾಲ್ಕನಿಯ ಕಟಾಂಜನದ ಮೇಲೆ, ಕಿರಣದ ಕೆಳ ಅಂಚು ಜನ ನಿಲ್ಲುವ ನೆಲದಿಂದ 3 ಮೀಟರಿಗಿಂತ ಮೇಲೆ. ಈ ಮಿತಿಯನ್ನು ಸಾಫ್ಟ್‌ವೇರಿಗೆ ಬಿಡದೆ ಪೆಟ್ಟಿಗೆಯ ಕಿಂಡಿಗೆ ಕಪ್ಪು ಬಳಿದ ಲೋಹದ ತಗಡು ಅಡ್ಡ ಬಿಗಿಯಲಾಯಿತು. ಗ್ಯಾಲ್ವೋ ಕೆಟ್ಟು ಕೆಳಗೆ ತಿರುಗಿದರೂ ಕಿರಣ ತಗಡಿಗೇ ಬಡಿಯುತ್ತದೆ. ಕನ್ನಡಿ ಚಲನೆ ನಿಂತರೆ ಲೇಸರ್ ಆರಿಸುವ ಸರ್ಕ್ಯೂಟ್, ಕೀ ಸ್ವಿಚ್, ಐಎಲ್‌ಡಿಎ ಕೇಬಲ್ಲಿನ 4 ಮತ್ತು 17ನೇ ಪಿನ್ನಿನ, ಕೇಬಲ್ ಕಳಚಿದರೆ ಲೇಸರ್ ಆರಿಸುವ ಇಂಟರ್‌ಲಾಕ್, ಜೊತೆಗೆ ಕೆಂಪು ಗುಂಡಿಯ ಪಕ್ಕ ಕದಲದೆ ಕೂರುವ ಒಬ್ಬರು.

ಹಿಂಗೋಡೆಯ ಮೇಲೆ, ಬರಹದ ಜಾಗದ ಪಕ್ಕದಲ್ಲೇ, ಗಾಜಿನ ಚೌಕಟ್ಟಿನ ತಾಯಿ ಭುವನೇಶ್ವರಿಯ ಚಿತ್ರ ತೂಗುವ ಏರ್ಪಾಡಿತ್ತು. ಆ ಗಾಜಿಗೆ ತಗುಲಿದ ಕಿರಣ ನೇರ ಮುಂದಿನ ಸಾಲಿಗೆ ತಿರುಗುತ್ತದೆ. ಚಿತ್ರವನ್ನು ವೇದಿಕೆಯ ಬಲಕ್ಕೆ, ಕಿರಣದ ಹಾದಿಯಿಂದ ಪೂರ್ತಿ ಆಚೆಗೆ ಇಳಿಸಿ, ಬರಹದ ಹಿಂದೆ ಹೊಳಪಿಲ್ಲದ ಬಿಳಿ ಹತ್ತಿ ಬಟ್ಟೆಯನ್ನು ಎಳೆದು ಕಟ್ಟಲಾಯಿತು.